ಅಡಿಕೆ ವ್ಯಾಪಾರದ ಹಳೆ ಸಾಫ್ಟ್‌ವೇರ್ ರಸ್ಟ್‌ಗೆ ಬದಲಿಸಬೇಕಾ? ಅನುಭವ ಇದ್ದವರು ಹೇಳಿ

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ಒಬ್ಬ ಹುಡುಗ ಸೇರಿ ಕೆಲವು ಸೊಸೈಟಿಗಳ ಅಡಿಕೆ ವ್ಯಾಪಾರದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ತೂಕ, ಟೆಂಡರು, ರೈತರಿಗೆ ಪಟ್ಟಿ, ಎಲ್ಲ ಅದರಲ್ಲೇ. 2006ರ ಹೊತ್ತಿಗೆ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ಕೋಡ್. ಬರೆದವರು ಈಗ ಊರಲ್ಲಿಲ್ಲ. ಮಳೆಗಾಲ ಬಂತೆಂದರೆ ಸುಮ್‌ಸುಮ್ನೆ ನಿಂತುಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಶ್ವೇತಭವನವೇ ಮೆಮೊರಿ ಸುರಕ್ಷಿತ ಭಾಷೆಗೆ (ಪ್ರೋಗ್ರಾಂ ತನ್ನದಲ್ಲದ ಮೆಮೊರಿ ಮುಟ್ಟದಂತೆ ತಡೆಯುವ ಭಾಷೆಗೆ) ಹೋಗಿ ಅಂತ ವರದಿ ಹೊರಡಿಸಿದೆ, ನೀವೂ ಅಂಥದೇ ಆದ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆಯಿರಿ ಅಂತ ಆಡಳಿತ ಮಂಡಳಿಯ ಒಬ್ಬರು ಹೇಳುತ್ತಿದ್ದಾರೆ. ತೂಕದ ಯಂತ್ರ ಸೀರಿಯಲ್ ಕೇಬಲ್‌ನದು. ಕೆಲವು ಕಡೆ ಇನ್ನೂ ವಿಂಡೋಸ್ 7. ಹುಡುಗನಿಗೆ ಬೆಂಗಳೂರಿನಿಂದ ಕರೆ ಬಂದಿದೆ, ಅವನು ಹೋದರೆ ನಾನೊಬ್ಬನೇ. ಪೂರ್ತಿ ಬರೆಯಲಾ, ತೇಪೆ ಹಾಕುತ್ತಾ ಹೋಗಲಾ?

ಸಾಣಿಕಟ್ಟೆ, ಕುಮಟಾ

ಬರೆಯಿರಿ. ನಾವು ಬರೆದಿದ್ದೇವೆ, ಇವತ್ತಿಗೂ ನೆಮ್ಮದಿಯಿಂದ ಇದ್ದೇವೆ.

ನಮ್ಮದು ಪಿಗ್ಮಿ ಸಂಗ್ರಹದ ಲೆಕ್ಕ. ಸಂಜೆ ಏಜೆಂಟರು ಮಷಿನ್ ತಂದು ಜೋಡಿಸಿದಾಗ ಸರ್ವರ್ ಬಿದ್ದುಹೋಗುತ್ತಿತ್ತು. ಅರ್ಧ ಜನರ ಕಂತು ಜಮಾ ಆಗುತ್ತಿತ್ತು, ಉಳಿದರ್ಧ ಇಲ್ಲ. ಪೂರ್ತಿ ರಸ್ಟ್‌ಗೆ ತಂದೆವು. ಖರ್ಚು ಕೇಳಿ. ಒಬ್ಬರಿಗೆ ತಿಂಗಳಿಗೆ 45,000, ಇನ್ನೊಬ್ಬರಿಗೆ 30,000, ಸುಮಾರು ವರ್ಷ ಹಿಡಿಯಿತು. ಅಷ್ಟರಲ್ಲಿ ಮುಗಿಯಲಿಲ್ಲ. 2024ರ ಮೇನಲ್ಲಿ ಬಂದ ರಸ್ಟ್ 1.78ರಿಂದ ವಿಂಡೋಸ್ 10ಕ್ಕಿಂತ ಹಳೆಯದಕ್ಕೆ ಮಾಮೂಲಿ ಬೆಂಬಲ ಇಲ್ಲ. ಹಾಗಾಗಿ ಶಾಖೆಗಳಿಗೆಲ್ಲ ಹೊಸ ಕಂಪ್ಯೂಟರ್, ಒಂದಕ್ಕೆ 38,000. ಅದರ ಮೇಲೆ ಹಳೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹೆಸರುಗಳು. ಯೂನಿಕೋಡ್‌ಗೆ ತರುವಾಗ ಅರ್ಕಾವತ್ತು ತನ್ನ ಜಾಗ ಬಿಟ್ಟು ಅಕ್ಷರದ ಹಿಂದೆ ಹೋಗಿ ಕೂರುತ್ತಿತ್ತು. ಮೂರ್ತಿ, ಪಾರ್ವತಿ, ದುರ್ಗಿ, ಎಲ್ಲ ಹೆಸರೂ ಕೆಟ್ಟವು. ಪಾಸ್‌ಬುಕ್ ಎದುರಿಗೆ ಇಟ್ಟುಕೊಂಡು ಒಂದೊಂದೇ ತಿದ್ದಿಸಿದ್ದೇನೆ. ಅದಕ್ಕೆ ಕೊಟ್ಟ ಕೂಲಿ ಬೇರೆ 22,000.

ಆದರೂ ಬರೆಯಿರಿ ಅನ್ನುತ್ತೇನೆ. ಆಂಡ್ರಾಯ್ಡ್‌ನಲ್ಲಿ 2019ರಲ್ಲಿ ಭದ್ರತಾ ದೋಷಗಳಲ್ಲಿ 76% ಮೆಮೊರಿಗೆ ಸಂಬಂಧಿಸಿದ್ದವು. 2024ಕ್ಕೆ 24%ಗೆ ಇಳಿದವು. ರಸ್ಟ್‌ನ ಟೈಪ್ ಪದ್ಧತಿ (ಯಾವ ಮಾಹಿತಿಯನ್ನು ಹೇಗೆ ಬಳಸಬಹುದು ಅನ್ನುವ ನಿಯಮಗಳು) ನಿಜವಾಗಿ ಸುರಕ್ಷಿತ ಅಂತ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಅದರ ತಿರುಳಿಗೆ ಗಣಿತದ ಸಾಕ್ಷ್ಯವನ್ನೇ ಕೊಟ್ಟಿದ್ದಾರೆ. ರಸ್ಟ್‌ಬೆಲ್ಟ್ ಅಂತ, ಪಾಪ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳ ಸಮ್ಮೇಳನದ 2018ರ ಪ್ರಬಂಧ. ಇನ್ನೇನು ಬೇಕು?

ಕಾಳಿದಂಡೆ, ಕಾರವಾರ

ಕುಮಟಾದವರೇ, ಅರ್ಧ ಓದಿ ಹೇಳಬೇಡಿ ಮಾರಾಯ್ರೇ. ಆಂಡ್ರಾಯ್ಡ್‌ನವರು ಹಳೆ ಕೋಡ್ ತಿರುಗಿ ಬರೆದು 24%ಗೆ ಇಳಿಸಿದ್ದಲ್ಲ. ಹಳೆಯದನ್ನು ಬಹುಪಾಲು ಹಾಗೇ ಬಿಟ್ಟರು, ಹೊಸದಾಗಿ ಸೇರಿಸುವುದನ್ನು ಮಾತ್ರ ಸುರಕ್ಷಿತ ಭಾಷೆಯಲ್ಲಿ ಬರೆದರು. ಕೋಡ್ ಹಳೆಯದಾದಷ್ಟೂ ಅದರಲ್ಲಿ ಉಳಿದ ದೋಷ ಕಮ್ಮಿಯಾಗುತ್ತಾ ಹೋಗುತ್ತದೆ, ತೊಂದರೆ ಹೆಚ್ಚಾಗಿ ಹೊಸ ಕೋಡ್‌ನಲ್ಲೇ ಅನ್ನುವುದು ಅವರ ಮುಖ್ಯ ಮಾತು. ನೀವು ಹೇಳುವುದು ಅದಕ್ಕೆ ತದ್ವಿರುದ್ಧ.

ನಮ್ಮದು ಬಂದರಿನ ಮೀನು ತೂಕದ ಲೆಕ್ಕ. ಅದೂ ಮಳೆಯಲ್ಲೇ ಬೀಳುತ್ತಿತ್ತು. ಜೂನ್, ಜುಲೈ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಆ ಬಿಡುವಿನಲ್ಲಿ ಹಿಡಿದು ಕೂತೆ. ಅಡ್ರೆಸ್ ಸ್ಯಾನಿಟೈಸರ್ ಅನ್ನುವ ತಪಾಸಣೆ ಸೇರಿಸಿ ಕಂಪೈಲ್ ಮಾಡಿದೆ. ಪ್ರೋಗ್ರಾಂ ಎರಡು ಪಟ್ಟು ನಿಧಾನವಾಗುತ್ತದೆ, ಆದರೆ ಮೆಮೊರಿಯಲ್ಲಿ ಎಲ್ಲಿ ಮಿತಿ ಮೀರಿತು ಅಂತ ಸಾಲು ಸಮೇತ ತೋರಿಸುತ್ತದೆ. ಮೇಲೆ ಒಂದು ಫಝರ್ ಬಿಟ್ಟೆ. ಅದು ಹುಚ್ಚಾಪಟ್ಟೆ ಇನ್‌ಪುಟ್ ತಾನೇ ಹುಟ್ಟಿಸಿ ಕೊಡುತ್ತಾ ಹೋಗುತ್ತದೆ. ಹಳೆ ಡೆಸ್ಕ್‌ಟಾಪ್ ಒಂದನ್ನು ರಾತ್ರಿಯೆಲ್ಲ ಅದಕ್ಕೇ ಓಡಿಸಿದೆ. ಕರೆಂಟ್ ಹೋಗುತ್ತದೆ ಅಂತ ಯುಪಿಎಸ್ ಬ್ಯಾಟರಿಗೆ 13,500.

ಸಿಕ್ಕಿದ್ದು ಇದು. ತೂಕದ ಯಂತ್ರ ಒಂದೊಂದು ಸಲಕ್ಕೆ ಒಂದೊಂದು ಸಾಲು ಕಳಿಸುತ್ತದೆ: ಎಸ್‌ಟಿ (ತೂಕ ಸ್ಥಿರವಾಗಿದೆ), ಜಿಎಸ್ (ಒಟ್ಟು ತೂಕ), ಆಮೇಲೆ 00065.40, ಕೆಜಿ, ಕೊನೆಗೆ ಸಾಲು ಮುಗಿಯಿತು ಅನ್ನುವ ಗುರುತು. ಕೋಡ್‌ನಲ್ಲಿ ಅದಕ್ಕೆ ಇಟ್ಟ ಜಾಗ 20 ಬೈಟ್. ಕೊನೆಯ ಗುರುತು ಬರುವ ತನಕ ಓದುತ್ತಲೇ ಹೋಗು ಅಂತ ಬರೆದಿದ್ದರು. ಗುಡುಗು ಸಿಡಿಲಿಗೆ ಕೇಬಲ್‌ನಲ್ಲಿ ಗದ್ದಲ ಸೇರಿ ಆ ಒಂದು ಗುರುತು ಹಾಳಾದರೆ, ಎರಡು ಸಾಲು ಅಂಟಿಕೊಂಡು ಬರುತ್ತವೆ. 20 ಬೈಟ್ ದಾಟಿ ಪಕ್ಕದ ಮೆಮೊರಿಗೆ ನುಗ್ಗುತ್ತದೆ. ಅಷ್ಟೇ ಕಾಯಿಲೆ. ಅಳತೆ ನೋಡಿ ನಿಲ್ಲಿಸುವ ಒಂದು ಷರತ್ತು ಬರೆದೆ. ಕೇಬಲ್‌ಗೆ ಎರಡು ಬದಿಯ ವಿದ್ಯುತ್ ಸಂಪರ್ಕ ಬೇರ್ಪಡಿಸುವ ಐಸೊಲೇಟರ್ ಹಾಕಿದೆ, 1,800 ರೂಪಾಯಿ.

ಫಝಿಂಗ್ ಹುಟ್ಟಿದ್ದೂ ಮಳೆಯಿಂದಲೇ. ವಿಸ್ಕಾನ್ಸಿನ್‌ನ ಬಾರ್ಟನ್ ಮಿಲ್ಲರ್ ಮನೆಯಿಂದ ಫೋನ್ ಲೈನಿನಲ್ಲಿ ಕೆಲಸ ಮಾಡುವಾಗ, ಬಿರುಗಾಳಿ ಮಳೆಗೆ ಲೈನಿನಲ್ಲಿ ಕಸ ಅಕ್ಷರ ಬಂದು ಪ್ರೋಗ್ರಾಂಗಳು ಬೀಳುತ್ತಿದ್ದವು. ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. 1990ರ ಪ್ರಬಂಧದಲ್ಲಿ, ಪರೀಕ್ಷಿಸಿದ ಯುನಿಕ್ಸ್ ಪ್ರೋಗ್ರಾಂಗಳಲ್ಲಿ ಕಾಲು ಭಾಗಕ್ಕೂ ಜಾಸ್ತಿ ಬಿದ್ದವು. ಮಳೆಗಾಲದಲ್ಲೇ ಬೀಳುತ್ತದೆ ಅಂದರೆ ಶಿರಸಿಯವರದ್ದೂ ಇದೇ ಇರಬೇಕು. ಇದಕ್ಕೆ ವರ್ಷದ ಸಂಬಳ ಸುರಿಯಬೇಕಾ?

ಸಾಣಿಕಟ್ಟೆ, ಕುಮಟಾ

ನಿಮಗೆ ಒಂದು ಸಿಕ್ಕಿತು. ಸಿಗದೇ ಉಳಿದದ್ದು ಎಷ್ಟು ಅಂತ ಹೇಳುವುದು ಯಾರು? ಫಝರ್ ಹುಡುಕಿದ್ದನ್ನು ಮಾತ್ರ ತೋರಿಸುತ್ತದೆ, ಇಲ್ಲ ಅನ್ನುವುದನ್ನು ತೋರಿಸುವುದಿಲ್ಲ. ರಸ್ಟ್‌ನಲ್ಲಿ ಆ 20 ಬೈಟ್ ದಾಟಿದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ಪಕ್ಕದವರ ಲೆಕ್ಕ ಕೆಡಿಸುವುದಿಲ್ಲ. ಭಾಷೆ ಬದಲಿಸಿದರೆ ಬಗ್ ಕಮ್ಮಿ ಅಂತ ಸಂಶೋಧನೆಯೇ ಇದೆ.

ಬೇಡ್ತಿ, ಯಲ್ಲಾಪುರ

ಯಾವ ಸಂಶೋಧನೆ? ಗಿಟ್‌ಹಬ್ ತಾಣದಲ್ಲಿರುವ ಕೋಡ್‌ಗಳನ್ನು ನೋಡಿ ಬರೆದ 2014ರ ಪ್ರಬಂಧ ಅಲ್ವಾ? 729 ಪ್ರಾಜೆಕ್ಟ್, 17 ಭಾಷೆ. ಆ ಪಟ್ಟಿಯಲ್ಲಿ ರಸ್ಟ್ ಇರಲೇ ಇಲ್ಲ, 1.0 ಬಂದಿದ್ದೇ 2015ರ ಮೇನಲ್ಲಿ. 2019ರಲ್ಲಿ ಬೇರೆ ತಂಡ ಅದೇ ದತ್ತಾಂಶ ಹಿಡಿದು ಲೆಕ್ಕ ತಿರುಗಿ ಹಾಕಿತು. ಭಾಷೆಗೂ ಬಗ್‌ಗೂ ನಂಟಿದೆ ಅಂದಿದ್ದ 11 ಭಾಷೆಗಳಲ್ಲಿ ನಾಲ್ಕು ಮಾತ್ರ ಉಳಿದವು, ಅವುಗಳ ಪರಿಣಾಮವೂ ತೀರಾ ಸಣ್ಣದು.

ನಾನು ಪ್ರೋಗ್ರಾಂ ವೆರಿಫಿಕೇಶನ್‌ನಲ್ಲಿ, ಅಂದರೆ ಪ್ರೋಗ್ರಾಂ ಸರಿ ಇದೆ ಅಂತ ಗಣಿತದಿಂದ ಸಾಬೀತು ಮಾಡುವುದರಲ್ಲಿ, ಪಿಎಚ್‌ಡಿ ಮಾಡಿದವನು. ಆಗ ಫೆಲೋಶಿಪ್ 25,000. ಅದು 2019ರಲ್ಲಿ 31,000, 2023ರಲ್ಲಿ 37,000 ಆಯಿತು, ಆದರೆ ನನಗೆ ಆ ಹೊತ್ತಿಗೆ ಅವಧಿ ಮುಗಿದಿತ್ತು. ಕೊನೆಯ ದಿನಗಳನ್ನು ಅಪ್ಪನ ತೋಟದ ದುಡ್ಡಿನಲ್ಲಿ ಕಳೆದೆ. ಜೊತೆಯವರು ಕಂಪನಿ ಸೇರಿ ಸೈಟ್ ತಗೊಂಡರು. 2015ರ ಜನವರಿಯಲ್ಲಿ ಪಾಪ್ಲ್ ಮುಂಬೈಗೇ ಬಂದಿತ್ತು. ಓದಿದ ಪ್ರಬಂಧಗಳ ಲೇಖಕರು ಎದುರಿಗೇ ಕೂತಿದ್ದರು. ಆ ದಾರಿ ಹಿಡಿದದ್ದಕ್ಕೆ ನನಗೆ ಬೇಸರವಿಲ್ಲ.

ಸಾಬೀತು ಮಾಡುವುದು ಎಂದರೇನು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಎಸ್‌ಇಎಲ್4 ಅನ್ನುವ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಸಾಬೀತಾಯಿತು. ಸಿ ಕೋಡ್ ಸುಮಾರು 8,700 ಸಾಲು. ಸಾಕ್ಷ್ಯ 2 ಲಕ್ಷ ಸಾಲು. ಶ್ರಮ 20 ಮನುಷ್ಯ-ವರ್ಷ. ಫಲ ಏನು ಅಂದರೆ, ಕಂಪ್‌ಸರ್ಟ್ ನೋಡಿ, ಅದು ಹೀಗೆ ಸಾಬೀತು ಮಾಡಿದ ಸಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತರುವ ಪ್ರೋಗ್ರಾಂ). 2011ರಲ್ಲಿ ಸಿಸ್ಮಿತ್ ಅನ್ನುವ ಉಪಕರಣ ಜಿಸಿಸಿ, ಎಲ್‌ಎಲ್‌ವಿಎಂ ಸೇರಿ ಎಷ್ಟೋ ಸಿ ಕಂಪೈಲರ್‌ಗಳಲ್ಲಿ 325ಕ್ಕೂ ಜಾಸ್ತಿ ದೋಷ ಹಿಡಿಯಿತು. ಕಂಪ್‌ಸರ್ಟ್‌ನ ಸಾಬೀತಾದ ಭಾಗದಲ್ಲಿ ಕೋಡ್ ತಪ್ಪಾಗಿ ಹುಟ್ಟಿಸುವ ದೋಷ ಒಂದೂ ಸಿಗಲಿಲ್ಲ.

ಒಂದು ಸಣ್ಣ ಸಾಲ ಸಂಘಕ್ಕೆ ಬಡ್ಡಿ ಲೆಕ್ಕದ ತಿರುಳನ್ನು ಮಾತ್ರ ಡ್ಯಾಫ್ನಿ ಅನ್ನುವ ಭಾಷೆಯಲ್ಲಿ ಬರೆದು ಸಾಬೀತು ಮಾಡಿಕೊಟ್ಟೆ. ಬಡ್ಡಿಯ ಕೋಡ್ ಪುಟದಷ್ಟೇ, ಸಾಕ್ಷ್ಯ ಅದರ ಹತ್ತು ಪಟ್ಟು. ಅವರು ಕೊಟ್ಟದ್ದು 40,000. ಸಾಕಾಗಲಿಲ್ಲ, ಆದರೆ ಆ ಲೆಕ್ಕದಲ್ಲಿ ಪೈಸೆ ಆಚೀಚೆ ಆಗಿಲ್ಲ.

ಶರಾವತಿ, ಹೊನ್ನಾವರ

ಇಪ್ಪತ್ತು ಮನುಷ್ಯ-ವರ್ಷ ಅಂತ ಒಬ್ಬರೇ ಆಗಲಿರುವ ಮನುಷ್ಯನಿಗೆ ಹೇಳುತ್ತೀರಲ್ಲ! ನಾನು ಮನೆಯಿಂದಲೇ ಕೆಲಸ ಮಾಡುವವಳು. ಮಗುವನ್ನು ಮಲಗಿಸಿ ರಾತ್ರಿ ಕೂರುತ್ತೇನೆ. ಗೇರುಬೀಜ ಕಾರ್ಖಾನೆಯ ಸ್ಟಾಕ್ ಲೆಕ್ಕದ ಹಳೆ ಸಿ ಕೋಡನ್ನು ಎಐ ಹತ್ತಿರವೇ ರಸ್ಟ್‌ಗೆ ಅನುವಾದ ಮಾಡಿಸಿದೆ. ತಿಂಗಳಿಗೆ 20 ಡಾಲರ್ ಅಂತ ಶುರು. ಮಿತಿ ಮುಗಿಯಿತು, 100 ಡಾಲರ್‌ನದ್ದು ತಗೊಂಡೆ. ಕಾರ್ಡಿನವರು ವಿದೇಶಿ ವಹಿವಾಟಿನ ಶುಲ್ಕ ಬೇರೆ ಹಾಕಿದರು. ಮೊದಲ ಸುತ್ತಿನಲ್ಲಿ ಬಂದ ಕೋಡ್ ಕಂಪೈಲ್ ಆಯಿತು, ಒಳಗೆ ನೋಡಿದರೆ ಎಲ್ಲೆಲ್ಲೂ ಅನ್‌ಸೇಫ್ ಬ್ಲಾಕ್. ಅಂದರೆ ರಸ್ಟ್‌ನ ತಪಾಸಣೆಯನ್ನೇ ಅಲ್ಲಲ್ಲಿ ಬದಿಗಿಟ್ಟಿತ್ತು. ಒಂದೊಂದು ಫಂಕ್ಷನ್ ಹಿಡಿದು, ಹಳೆಯದಕ್ಕೂ ಹೊಸದಕ್ಕೂ ಒಂದೇ ಇನ್‌ಪುಟ್ ಕೊಟ್ಟು, ಉತ್ತರ ತಾಳೆ ನೋಡಿ ಮುಗಿಸಿದೆ. ಈಗ ಚೆನ್ನಾಗಿ ಓಡುತ್ತಿದೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದವರೇ 2024ರಲ್ಲಿ ಸಿ ಕೋಡನ್ನು ಯಂತ್ರದಿಂದ ರಸ್ಟ್‌ಗೆ ತರಿಸುವ ಟ್ರ್ಯಾಕ್ಟರ್ ಯೋಜನೆ ಶುರು ಮಾಡಿದ್ದಾರೆ. ಒಬ್ಬರೇ ಇದ್ದವರಿಗೆ ಇದೇ ದಾರಿ.

ಕಾಳಿದಂಡೆ, ಕಾರವಾರ

ಅಕ್ಕಾ, ಬೇಗ ಆಯಿತು ಅಂತ ನಿಮಗೆ ಅನ್ನಿಸುತ್ತದೆ. 2025ರ ಜುಲೈಯಲ್ಲಿ ಮೀಟರ್ ಅನ್ನುವ ಸಂಸ್ಥೆ ಪ್ರಯೋಗ ಮಾಡಿ ತೋರಿಸಿತು. 16 ಅನುಭವಿ ಡೆವಲಪರ್‌ಗಳು, 246 ಕೆಲಸ. ಎಐ ಬಳಸಿದಾಗ 19% ಜಾಸ್ತಿ ಹೊತ್ತು ಹಿಡಿಯಿತು. ಅವರು ಮಾತ್ರ ತಾವು 20% ಬೇಗ ಮಾಡಿದೆವು ಅಂತಲೇ ನಂಬಿದ್ದರು.

ಶರಾವತಿ, ಹೊನ್ನಾವರ

ಆ ಪ್ರಬಂಧ ನಾನೂ ಓದಿದ್ದೇನೆ. ಅವರೆಲ್ಲ ವರ್ಷಗಟ್ಟಲೆ ತಾವೇ ನೋಡಿಕೊಂಡ ಕೋಡ್‌ನಲ್ಲಿ ಕೆಲಸ ಮಾಡಿದವರು, ಮೂಲೆಮೂಲೆ ಗೊತ್ತಿದ್ದವರು. ನನ್ನ ಕೈಗೆ ಬಂದದ್ದು ಬರೆದವರೇ ಇಲ್ಲದ ಕೋಡ್. ಎಲ್ಲರಿಗೂ ಇದೇ ಅನ್ವಯಿಸುವುದಿಲ್ಲ ಅಂತ ಪ್ರಬಂಧದವರೇ ಹೇಳಿದ್ದಾರೆ. ನನ್ನ ರಾತ್ರಿಗಳ ಲೆಕ್ಕ ನನಗೆ ಗೊತ್ತು, ನೀವು ಹೇಳಬೇಕಾಗಿಲ್ಲ.

ಮಾವಿನಗುಂಡಿ, ಸಿದ್ದಾಪುರ

ಅಡಿಕೆ ವ್ಯಾಪಾರದವನು ನಾನೊಬ್ಬನೇ ಇದ್ದಂತಿದೆ, ಕೇಳಿ.

ನಮ್ಮ ಹಳೆ ಸಾಫ್ಟ್‌ವೇರ್ ದಿನದ ಒಟ್ಟು ಮೊತ್ತವನ್ನು 32 ಬಿಟ್ ಫ್ಲೋಟ್‌ನಲ್ಲಿ, ಅಂದರೆ ಕೆಲವೇ ಅಂಕಿ ನಿಖರವಾಗಿ ಹಿಡಿಯುವ ದಶಮಾಂಶ ಸಂಖ್ಯೆಯಾಗಿ, ಇಡುತ್ತಿತ್ತು. 1,67,77,216 ರೂಪಾಯಿ ದಾಟಿದರೆ ಅದರಲ್ಲಿ ಬೆಸ ರೂಪಾಯಿ ಹಿಡಿಸುವುದೇ ಇಲ್ಲ. ಅಷ್ಟಕ್ಕೆ ಒಂದು ರೂಪಾಯಿ ಸೇರಿಸಿದರೆ ಸೇರದು. ಚಾಲಿ, ರಾಶಿ ಎರಡೂ ಬಗೆಯ ಅಡಿಕೆ ಜೋರು ಬರುವ ದಿನ ಆ ಮೊತ್ತ ಆರಾಮಾಗಿ ದಾಟುತ್ತದೆ. ಪಟ್ಟಿಗಳ ಮೊತ್ತ ಒಂದು, ಕಂಪ್ಯೂಟರಿನ ಒಟ್ಟು ಇನ್ನೊಂದು.

ಹೊರಗಿನ ಒಂದು ಕಂಪನಿಯವರು ರಸ್ಟ್‌ನಲ್ಲಿ ಬರೆದುಕೊಡುತ್ತೇವೆ, ಇನ್ನು ತಪ್ಪೇ ಆಗದು ಅಂದರು. ಏಳೂವರೆ ಲಕ್ಷ, ಮೇಲೆ ಜಿಎಸ್‌ಟಿ 18%, ಸೇರಿ 8,85,000. ಅವರು ಜಾಣತನ ಮಾಡಿ ಪೈಸೆ ಲೆಕ್ಕದಲ್ಲಿ ಇಂಟಿಜರ್ (ಪೂರ್ಣಾಂಕ) ಇಟ್ಟರು. ಅದು ಸರಿ. ಆದರೆ ಇಟ್ಟದ್ದು 32 ಬಿಟ್. ಅದರಲ್ಲಿ ಹಿಡಿಯುವುದು 2,14,74,836 ರೂಪಾಯಿ 47 ಪೈಸೆ ಮಾತ್ರ. ಸೀಸನ್ನಿನ ಒಂದು ಟೆಂಡರ್ ದಿನ ಅದನ್ನೂ ದಾಟಿತು. ಪರದೆಯ ಮೇಲೆ ಒಟ್ಟು ಮೊತ್ತ ಮೈನಸ್ ಎರಡು ಕೋಟಿ ಚಿಲ್ಲರೆ! ರೈತರು ಕಾಯುತ್ತಾ ಕೂತರು. ಕೈಯಲ್ಲಿ ಪಟ್ಟಿ ಬರೆದು ರಾತ್ರಿ ಬಾಗಿಲು ಹಾಕಿದೆವು. ಸರಿಮಾಡಲು ಅದೇ ಕಂಪನಿ ಮತ್ತೆ 60,000 ಕೇಳಿತು.

ರಸ್ಟ್‌ನಲ್ಲಿ ಡೀಬಗ್ ಬಿಲ್ಡ್ (ಪರೀಕ್ಷೆಗೆ ಮಾಡುವ ಪ್ರತಿ) ಮಾತ್ರ ಇಂಥದ್ದಕ್ಕೆ ತಡೆದು ನಿಲ್ಲುತ್ತದೆ. ಬಳಸುವವರಿಗೆ ಕೊಡುವ ರಿಲೀಸ್ ಬಿಲ್ಡ್ ಏನೂ ಹೇಳದೆ ಸುತ್ತಿ ಋಣಕ್ಕೆ ಹೋಗುತ್ತದೆ. ಕುಮಟಾದವರು ಹೇಳಿದ ಗಣಿತದ ಸಾಕ್ಷ್ಯ ಇದನ್ನು ಹಿಡಿಯಿತಾ?

ಸಾಣಿಕಟ್ಟೆ, ಕುಮಟಾ

ಆ ಕಂಪನಿ ಮಾಡಿದ್ದಕ್ಕೆ ಭಾಷೆಯನ್ನು ಯಾಕೆ ಬಯ್ಯುತ್ತೀರಿ? ರಿಲೀಸ್ ಪ್ರೊಫೈಲ್‌ನಲ್ಲಿ ಓವರ್‌ಫ್ಲೋ (ಸಂಖ್ಯೆ ಮಿತಿ ಮೀರುವುದರ) ತಪಾಸಣೆ ಹಾಕು ಅಂತ ಒಂದೇ ಸಾಲು ಬರೆದರೆ ಅಲ್ಲೂ ನಿಲ್ಲುತ್ತದೆ. ನಮ್ಮಲ್ಲಿ ಮೊದಲಿಂದಲೂ ಇದೆ. 64 ಬಿಟ್ ಇಟ್ಟರೆ ಜಿಲ್ಲೆಯ ಅಡಿಕೆಯೆಲ್ಲ ಸೇರಿಸಿದರೂ ತುಂಬುವುದಿಲ್ಲ.

ಮಾವಿನಗುಂಡಿ, ಸಿದ್ದಾಪುರ

ಹಾಗಾದರೆ ಬರೆಯುವವನಿಗೆ ಗೊತ್ತಿರಬೇಕು ಅಂತಾಯಿತು. ಗೊತ್ತಿದ್ದವನು ಸಿ ಪ್ಲಸ್ ಪ್ಲಸ್‌ನಲ್ಲೂ ಸರಿಯಾಗಿಯೇ ಬರೆಯುತ್ತಾನೆ. 8,85,000 ನಾನು ಕೊಟ್ಟದ್ದು, ನೀವಲ್ಲ.

ಬೇಡ್ತಿ, ಯಲ್ಲಾಪುರ

ಇದಕ್ಕೆ ಸಾಬೀತೂ ಬೇಡ. 2000ದಲ್ಲಿ ಸ್ವೀಡನ್ನಿನ ಕ್ಲಾಸೆನ್, ಹ್ಯೂಸ್ ಇಬ್ಬರೂ ಕ್ವಿಕ್‌ಚೆಕ್ ಅನ್ನುವ ಪರೀಕ್ಷೆಯ ಉಪಕರಣ ತಂದರು. ಪಟ್ಟಿಗಳ ಮೊತ್ತವೂ ಒಟ್ಟೂ ಒಂದೇ ಇರಬೇಕು ಅಂತ ನಿಯಮ ಬರೆದರೆ ಸಾಕು, ಮೊತ್ತಗಳನ್ನು ಅದೇ ಹುಟ್ಟಿಸಿ ಪರೀಕ್ಷಿಸುತ್ತದೆ. ಕೋಟಿಗಟ್ಟಲೆ ಮೊತ್ತವೂ ಬರುವ ಹಾಗೆ ವ್ಯಾಪ್ತಿ ಕೊಟ್ಟಿದ್ದರೆ ಆ ಕಂಪನಿಗೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಹಾಗೆಯೇ ಕೆಜಿ, ಕ್ವಿಂಟಲ್ ಎರಡನ್ನೂ ಬರೀ ಸಂಖ್ಯೆ ಅಂತ ಇಡಬೇಡಿ, ಬೇರೆ ಬೇರೆ ಟೈಪ್ ಮಾಡಿ. ಎಫ್ ಶಾರ್ಪ್ ಅನ್ನುವ ಭಾಷೆಯಲ್ಲಿ ಅಳತೆಯ ಮಾನಗಳನ್ನೇ ಭಾಷೆಗೆ ಸೇರಿಸಿದ್ದಾರೆ. 1999ರಲ್ಲಿ ನಾಸಾದ ಮಂಗಳ ನೌಕೆ ಹಾಳಾಗಿದ್ದು ಪೌಂಡ್, ನ್ಯೂಟನ್ ಬೆರೆತು. ನಾನು ಓದಿದ್ದು ಇಂಥವಕ್ಕೆ. ಈ ಜಿಲ್ಲೆಯಲ್ಲಿ ಯಾರಾದರೂ ಕರೆದು ಕೇಳಿದ್ದಾರಾ?

ಶರಾವತಿ, ಹೊನ್ನಾವರ

ಕೇಳಿದರೆ ನೀವು 40,000 ಸಾಕಾಗಲಿಲ್ಲ ಅನ್ನುತ್ತೀರಿ. ಇಲ್ಲಿ ಸಣ್ಣ ಕಾರ್ಖಾನೆಯವರು ಅಷ್ಟನ್ನೂ ಕೊಡುವುದಿಲ್ಲ.

ಬೇಡ್ತಿ, ಯಲ್ಲಾಪುರ

ಡಾಲರ್‌ನಲ್ಲಿ ಎಐಗೆ ಕೊಡುವುದಕ್ಕೆ ದುಡ್ಡಿದೆ, ಓದಿದವನಿಗೆ ಕೊಡುವುದಕ್ಕೆ ಇಲ್ಲ.

ತೋಟದಮನೆ, ಶಿರಸಿ

ಎಲ್ಲರಿಗೂ ಧನ್ಯವಾದ. ಕೋಡ್ ತೆರೆದು ನೋಡಿದೆ. ತೂಕದ ಸಾಲಿಗೆ ಇಟ್ಟ ಜಾಗ ನಮ್ಮಲ್ಲಿ 24 ಬೈಟ್, ಓದುವ ರೀತಿ ಕಾರವಾರದವರು ಹೇಳಿದ ಹಾಗೇ ಇದೆ. ಒಟ್ಟು ಮೊತ್ತ ಫ್ಲೋಟ್‌ನಲ್ಲೇ ಇದೆ. ಆ ಐಸೊಲೇಟರ್ ಎಲ್ಲಿ ತಗೊಂಡಿರಿ?

ಕಾಳಿದಂಡೆ, ಕಾರವಾರ

ಹುಬ್ಬಳ್ಳಿಯಿಂದ ತರಿಸಿದೆ. ಆರ್‌ಎಸ್ 232ಕ್ಕೆ (ಆ ಸೀರಿಯಲ್ ಕೇಬಲ್‌ಗೆ) ಆಪ್ಟಿಕಲ್ ಐಸೊಲೇಟರ್ ಅಂತಲೇ ಕೇಳಿ. ಎರಡೂ ಬದಿಗೆ ಬೇರೆ ಬೇರೆ ಪವರ್ ಕೊಡುವಂಥದ್ದು ಬೇಕು, ಒಂದೇ ಅಡಾಪ್ಟರಿನಿಂದ ಎರಡಕ್ಕೂ ಕೊಟ್ಟರೆ ಹಾಕಿಯೂ ಪ್ರಯೋಜನವಿಲ್ಲ. ಫ್ಲೋಟನ್ನು 64 ಬಿಟ್ ಇಂಟಿಜರ್ ಮಾಡಿ, ಪೈಸೆಯಲ್ಲಿ. ಸಿ ಪ್ಲಸ್ ಪ್ಲಸ್‌ನಲ್ಲೇ ಆಗುತ್ತದೆ.

ಸಾಣಿಕಟ್ಟೆ, ಕುಮಟಾ

ಮುಂದಿನ ಮಳೆಗಾಲಕ್ಕೆ ಇನ್ನೊಂದು ಕಡೆ ಬಿದ್ದಾಗ ಬರೆಯಿರಿ. ಅರ್ಕಾವತ್ತು ತಿದ್ದುವ ನಮ್ಮ ಪ್ರೋಗ್ರಾಂ ಕೊಡುತ್ತೇನೆ, ದುಡ್ಡು ಬೇಡ.