ಚಳಿಗೆ ಕೋಳಿ ಗೂಡು ಪೂರ್ತಿ ಮುಚ್ಚಬೇಕಾ?

ಧಾರವಾಡ ಹಿತ್ತಲು: ಬೆಳಗಿನ ಚಳಿ ಶುರುವಾಗಿದೆ. ಹಿತ್ತಲಲ್ಲಿ ಜವಾರಿ ಕೋಳಿ ಇವೆ. ತಗಡಿನ ಗೂಡು, ಮೂರು ಕಡೆ ಜಾಲರಿ. ಸುತ್ತಲೂ ತಾಡಪತ್ರಿ ಬಿಗಿದು, ಒಳಗೊಂದು 100 ವ್ಯಾಟ್ ಬಲ್ಬ್ ಹಾಕಬೇಕು ಅಂತಿದ್ದೇನೆ. ಹೇಗೆ?

ಹಾನಗಲ್ಲ ಅಕ್ಕ: ಬಲ್ಬ್ ಯಾಕ್ರೀ ತಮ್ಮಾ? ನಮ್ಮ ಕಡೆ ಚಳಿ ಅಂದರೆ ನಸುಕಿನಲ್ಲಿ 12-15 ಡಿಗ್ರಿ. ದೊಡ್ಡ ಕೋಳಿಯ ಮೈ ಬಿಸಿಯೇ 41 ಡಿಗ್ರಿ ಇರುತ್ತದೆ. ಪುಕ್ಕ ಉಬ್ಬಿಸಿಕೊಂಡು ಒತ್ತಾಗಿ ಕೂತರೆ ಅವಕ್ಕೆ ಸಾಕು. ತಾಡಪತ್ರಿ ಬಿಗಿದರೆ ಉಸಿರಿನ ತೇವ ತಗಡಿಗೆ ಹತ್ತಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ. ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಆಮೇಲೆ ಕಣ್ಣಲ್ಲಿ ನೀರು, ಗೊರಗೊರ ಉಸಿರು. ನಾವು ಚಳಿ ಹತ್ತಿತು ಅಂದುಕೊಳ್ಳುತ್ತೇವೆ!

ಗದಗಿನವ: ಅಕ್ಕಾರ, ಪೂರ್ತಿ ಬಿಟ್ಟರೂ ಆಗುವುದಿಲ್ಲ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಚಳಿಗಾಲದ ಮೂಡಗಾಳಿ ನೇರ ಕೋಳಿಯ ಮೈಗೆ ಹೊಡೆದರೆ ಪುಕ್ಕದ ಬಿಸಿ ಉಳಿಯುವುದಿಲ್ಲ. ಮೂಡಣ ಕಡೆ ಗೋಣಿಚೀಲ ಕಟ್ಟಿ. ಕೋಳಿ ಕೂರುವ ಗಳಕ್ಕಿಂತ ತುಸು ಮೇಲಿನವರೆಗೆ ಸಾಕು. ಮಾಡಿನ ಕೆಳಗೆ ಒಂದು ಅಡಿ ಖಾಲಿ ಇರಲಿ. ಹಗಲು ಸುತ್ತಿ ಮೇಲೆ ಎತ್ತಿಬಿಡಿ. ನೆಲಕ್ಕೆ ನಾನು ಶೇಂಗಾ ಸಿಪ್ಪೆ ಹಾಕುತ್ತೇನೆ, ಪುಕ್ಕಟೆ ಸಿಗುತ್ತದೆ.

ಹಾನಗಲ್ಲ ಅಕ್ಕ: ಗೋಣಿಗೆ ಒಪ್ಪಿದೆ. ಸಿಪ್ಪೆಗೆ ಇಲ್ಲ. ತೇವ ತಾಗಿದರೆ ಬೂಸ್ಟು ಬೇಗ ಹಿಡಿಯುತ್ತದೆ, ಆ ಧೂಳು ಕೋಳಿಯ ಪುಪ್ಪುಸಕ್ಕೆ ಕೆಟ್ಟದ್ದು. ಭತ್ತದ ಹೊಟ್ಟು ಮೂರು-ನಾಲ್ಕು ಇಂಚು ಹಾಕಿ, ಆಗಾಗ ಕೆದರಿ, ಗಟ್ಟಿಯಾದ ಹೆಂಟೆ ತೆಗೆದು ಹಾಕಿ.

ಗದಗಿನವ: ಭತ್ತದ ಹೊಟ್ಟು ನಿಮ್ಮ ಹಾನಗಲ್ಲಲ್ಲಿ ಸಸ್ತಾ. ನಮ್ಮಲ್ಲಿ ಹುಡುಕಿ ತರಬೇಕು. ಚೆನ್ನಾಗಿ ಒಣಗಿಸಿದ ಸಿಪ್ಪೆ ನಡೆಯುತ್ತದೆ ಬಿಡಿ.

ಹುಬ್ಬಳ್ಳಿ ಮೊಟ್ಟೆ: ಬಲ್ಬ್ ಪೂರ್ತಿ ಬೇಡ ಅನ್ನಬೇಡಿ. ಕಾವಿಗಲ್ಲ, ಬೆಳಕಿಗೆ. ಡಿಸೆಂಬರ್ ಕೊನೆಗೆ ಇಲ್ಲಿ ಹಗಲು 11 ತಾಸು ಚಿಲ್ಲರೆ. ಚೆನ್ನಾಗಿ ಮೊಟ್ಟೆ ಇಡಲು 14 ತಾಸಿನ ಮೇಲೆ ಬೆಳಕು ಬೇಕು. ಸಣ್ಣ ಎಲ್‌ಇಡಿ ಸಾಕು, ಅದೂ ನಸುಕಿನಲ್ಲಿ. ಸಂಜೆ ಹಚ್ಚಿ ಒಮ್ಮೆಲೇ ಆರಿಸಿದರೆ ಕೋಳಿ ಕತ್ತಲಲ್ಲಿ ಗಳ ಹತ್ತಲಾರದೆ ನೆಲದಲ್ಲೇ ಉಳಿಯುತ್ತವೆ.

ಹಾನಗಲ್ಲ ಅಕ್ಕ: ಫಾರಂ ಕೋಳಿಗೆ ಸರಿ. ಜವಾರಿ ಕೋಳಿಗೆ ಯಾಕೆ ಈ ಉಪದ್ವ್ಯಾಪ? ಪುಕ್ಕ ಉದುರಿಸಿ ಹೊಸದು ಬರುವಾಗ ಅದೂ ಸ್ವಲ್ಪ ಸುಮ್ಮನಿರಲಿ.

ಧಾರವಾಡ ಹಿತ್ತಲು: ಮೊಟ್ಟೆ ಕಡಿಮೆಯಾದರೆ ನಡೆಯುತ್ತದೆ. ಆದರೆ ಮುಂದಿನ ವಾರ ಒಂದು ದಿನದ ಗಿರಿರಾಜ ತಳಿಯ ಕೋಳಿಮರಿ ತರುತ್ತಿದ್ದೇನೆ. ಅವಕ್ಕೆ?

ಹುಬ್ಬಳ್ಳಿ ಮೊಟ್ಟೆ: ಆ ಮಾತು ಮೊದಲೇ ಹೇಳಬೇಕಿತ್ತಲ್ಲ ಮಾರಾಯ್ರೆ! ಮರಿಗೆ ಕಾವು ಬೇಕೇ ಬೇಕು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಿ. ಬಲ್ಬ್ ಕೆಳಗೆ ಗುಂಪಾಗಿ ಚೀರಿದರೆ ಚಳಿ, ದೂರ ಹೋಗಿ ಬಾಯಿ ತೆರೆದರೆ ಸೆಕೆ. ಬಲ್ಬನ್ನು ಸರಪಳಿಗೆ ಕಟ್ಟಿ, ಬರೀ ವೈರಿಗೆ ಜೋತುಬಿಡಬೇಡಿ. ಹೊಟ್ಟಿನ ಮೇಲೆ ಬಿದ್ದರೆ ಬೆಂಕಿ. ಮೊದಲ ವಾರವೇ ರಾಣಿಖೇತ್ ಅನ್ನುವ ಕೋಳಿ ರೋಗದ ಲಸಿಕೆಯ ಹನಿ ಹಾಕಿಸಿ, ಪಶು ಆಸ್ಪತ್ರೆಯಲ್ಲಿ ಕೇಳಿ.

ಗದಗಿನವ: ಗೋಣಿಯನ್ನು ಜಾಲರಿಯ ಹೊರಗಿನಿಂದ ಕಟ್ಟಿ. ಒಳಗೆ ಕಟ್ಟಿದರೆ ನಾರು ಕುಕ್ಕಿ ನುಂಗುತ್ತವೆ.

ಧಾರವಾಡ ಹಿತ್ತಲು: ಆಯ್ತು ಅಣ್ಣಾರ. ತಾಡಪತ್ರಿ ಸೌದೆ ಮುಚ್ಚಲು ಹೋಯಿತು.