ಸೀಬೆ ಮರದ ಬೊಡ್ಡೆ ಜಪ್ಪಯ್ಯ ಎಂದರೂ ಅಲುಗಾಡುತ್ತಿಲ್ಲ, ಕೀಳುವುದು ಹೇಗೆ?

ಹಿತ್ತಿಲುಪ್ರೇಮಿ:
ಹಿತ್ತಿಲಿನ ಹಳೆಯ ಸೀಬೆ ಮರವನ್ನು ಕಡಿಸಿದೆವು. ಕಡಿಯಲು ಬಂದವರು ಮೊಣಕಾಲೆತ್ತರದ ಬೊಡ್ಡೆ ಉಳಿಸಿ ಹೋದರು. ಮರ ಹೋಗಿದೆ, ಅದರ ಹಟ ಉಳಿದಿದೆ. ಆ ಜಾಗದಲ್ಲಿ ತರಕಾರಿ ಮಡಿ ಮಾಡಬೇಕೆಂಬುದು ನನ್ನ ಬಹುದಿನದ ಆಸೆ, ಬೊಡ್ಡೆ ಮಾತ್ರ ನನಗೆ ಏಳು ಕೆರೆಯ ನೀರು ಕುಡಿಸುತ್ತಿದೆ. ಗುದ್ದಲಿ ಹಾಕಿದರೆ ಟಣ್ ಎಂದು ಹಿಂದಕ್ಕೆ ಚಿಮ್ಮುತ್ತದೆ. ಪಿಕಾಸಿಯ ಕಾವು ಮುರಿಯಿತು. ತಮ್ಮನನ್ನೂ ಅವನ ಗೆಳೆಯರನ್ನೂ ಕರೆದು ಹಗ್ಗ ಕಟ್ಟಿ ಎಳೆದೆವು. ಹಗ್ಗ ಹರಿಯಿತು, ಬೊಡ್ಡೆ ಕೂದಲೆಳೆಯಷ್ಟೂ ಕದಲಲಿಲ್ಲ. ಒಂದು ಬೇರು ಕಡಿದು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅದರಡಿ ಮುಂಗೈ ದಪ್ಪದ ಇನ್ನೊಂದು! ಸಾಲದ್ದಕ್ಕೆ ಅಗೆದ ಕಡೆಯಲ್ಲೆಲ್ಲ ಹೊಸ ಚಿಗುರು ಏಳುತ್ತಿದೆ. ಉಪ್ಪು ತುಂಬಿ ಎನ್ನುವವರು ಒಬ್ಬರು, ಬೆಂಕಿ ಹಾಕಿ ಎನ್ನುವವರು ಇನ್ನೊಬ್ಬರು. ಏನು ಮಾಡಲಿ?

ಹಾರೆ ಗುದ್ದಲಿ:
ಉಪ್ಪು ಬೇಡವೇ ಬೇಡ. ಬೊಡ್ಡೆ ಸಾಯುವ ಹೊತ್ತಿಗೆ ಮಣ್ಣೂ ಸತ್ತಿರುತ್ತದೆ, ಆಮೇಲೆ ತರಕಾರಿ ಎಲ್ಲಿ ಬೆಳೆಯುತ್ತೀರಿ? ಬೆಂಕಿ ಇನ್ನೂ ಅಪಾಯ. ಒಣ ಬೇರಿನ ಜಾಡು ಹಿಡಿದು ನೆಲದೊಳಗೇ ಹೊಗೆಯಾಡುತ್ತ ಹೋಗಿ, ನೀವು ಮರೆತ ಮೇಲೆ ಬೇರೆಲ್ಲೋ ಹೊತ್ತಿಕೊಳ್ಳಬಹುದು.

ಮೊಣಕಾಲೆತ್ತರ ಉಳಿಸಿದ್ದು ಒಳ್ಳೆಯದೇ ಆಯಿತು, ದಯವಿಟ್ಟು ಅದನ್ನು ಇನ್ನಷ್ಟು ಗಿಡ್ಡ ಮಾಡಬೇಡಿ. ಕೊನೆಯಲ್ಲಿ ಅಲುಗಾಡಿಸಲು ಅದೇ ಹಿಡಿ. ಸದ್ಯಕ್ಕೆ ಬೊಡ್ಡೆಯನ್ನು ಅದರ ಪಾಡಿಗೆ ಬಿಟ್ಟು ಮಣ್ಣಿನ ಮೇಲೆ ಕೈಹಾಕಿ. ಹಿಂದಿನ ಸಂಜೆ ನೀರುಣಿಸಿ, ಕೆಸರಾಗುವಷ್ಟು ಬೇಡ. ಬುಡದಿಂದ ಎರಡಡಿ ದೂರದಲ್ಲಿ ಸುತ್ತಲೂ ಕಾಲುವೆ ತೋಡಿ, ಅಲ್ಲಿಂದ ಒಳಕ್ಕೆ ಬನ್ನಿ. ನೀರಿನ ಕೊಳವೆ, ವಿದ್ಯುತ್ ತಂತಿ ಆ ಕಡೆ ಹಾದಿಲ್ಲ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಬೇರು ಸಿಕ್ಕೊಡನೆ ಕೊಡಲಿ ಎತ್ತಬೇಡಿ. ಪೈಪಿನಲ್ಲಿ ನೀರು ಹಾಯಿಸಿ ಮಣ್ಣನ್ನು ತೊಳೆಯಿರಿ, ಅಡಿಭಾಗವನ್ನೂ ಕೈಯಾಡಿಸಿ ಬಿಡಿಸಿ. ಸಿಪ್ಪೆಯ ಸುಕ್ಕುಗಳಲ್ಲಿ ಸಿಕ್ಕಿಕೊಂಡ ಮರಳೇ ಅಲಗನ್ನು ಮೊಂಡು ಮಾಡುವುದು. ತೊಳೆದ ಬೇರನ್ನು ಒಂದು ಕಡೆ ಕಡಿದು ಬಿಟ್ಟರೆ ಪ್ರಯೋಜನವಿಲ್ಲ. ಬುಡದ ಹತ್ತಿರ ಒಮ್ಮೆ, ಒಂದು ಗೇಣು ಆಚೆ ಇನ್ನೊಮ್ಮೆ ಕಡಿದು ನಡುವಿನ ತುಂಡನ್ನೇ ತೆಗೆಯಿರಿ. ಅಡಿಯ ಬೇರಿಗೆ ಕೈ ಹೋಗಲು ಜಾಗ ಸಿಗುವುದು ಆಗಲೇ.

ಸುತ್ತಲಿನವು ಮುಗಿದ ಮೇಲೆ ಹಾರೆ. 5 ಅಡಿಯ ಹಾರೆಗೆ ತುದಿಯಿಂದ ಅರ್ಧ ಅಡಿಯಲ್ಲಿ ಕಲ್ಲು ಕೊಟ್ಟು ಮೀಟಿದರೆ ನಿಮ್ಮ ಬಲ 9 ಪಟ್ಟಾಗುತ್ತದೆ. ಕಲ್ಲಿನ ಕೆಳಗೆ ಹಲಗೆ ಇಡಿ, ಇಲ್ಲದಿದ್ದರೆ ನೀವು ಒತ್ತಿದಷ್ಟೂ ಕಲ್ಲು ಹೂತುಹೋಗುತ್ತದೆ. ಮರ ಗೂಟಿ ಕಟ್ಟಿದ, ಅಂದರೆ ಕೊಂಬೆಯಲ್ಲೇ ಬೇರು ಬರಿಸಿ ನೆಟ್ಟ ಗಿಡದ್ದಾಗಿದ್ದರೆ ನಿಮ್ಮ ಅದೃಷ್ಟ, ತಾಯಿಬೇರು ಇರುವುದಿಲ್ಲ. ಬೀಜದಿಂದ ಎದ್ದದ್ದಾದರೆ ಒಂದು ಬದಿಗೆ ವಾಲಿಸಿ, ಅಡಿಯಲ್ಲಿ ಗರಗಸ ಆಡಿಸಬೇಕು.

ಹಸಿರು ಅಂಗಳ:
ಚಿಗುರಿನ ವಿಷಯಕ್ಕೆ: ಸೀಬೆಯ ಬೇರಿಗೆ ಗಾಯವಾದರೆ ಅಲ್ಲಿಂದಲೇ ಮರಿ ಏಳುವುದು ಅದರ ಗುಣ. ನೆಲಮಟ್ಟಕ್ಕೆ ಕತ್ತರಿಸಬೇಡಿ, ಮತ್ತೆ ನಾಲ್ಕು ಏಳುತ್ತವೆ. ಎಳೆಯದಿರುವಾಗಲೇ ಮಣ್ಣು ಬಿಡಿಸಿ, ಬೇರಿಗೆ ಅಂಟಿದ ಬುಡಸಹಿತ ಕಿತ್ತುಹಾಕಿ. ಎಲೆ ಬಿಚ್ಚಲು ಬಿಡದಿದ್ದರೆ ಉಳಿದ ಬೇರಿನ ಕೂಡಿಟ್ಟ ಆಹಾರ ಕರಗಿ ಅದು ತಾನೇ ಸೋಲುತ್ತದೆ.

ಬೊಡ್ಡೆಯಾದರೂ ಕಣ್ಣಿಗೆ ಕಾಣುತ್ತದೆ ಎಂದು ಸಮಾಧಾನಪಟ್ಟುಕೊಳ್ಳಿ. ನನ್ನ ಪಾತಿಯಲ್ಲಿರುವುದು ಜೇಕು. ಎಳೆದರೆ ಹುಲ್ಲು ಮಾತ್ರ ಕೈಗೆ, ಸರದ ಮಣಿಗಳಂತೆ ಪೋಣಿಸಿಕೊಂಡ ಗಡ್ಡೆಗಳು ಮಣ್ಣಿನಲ್ಲೇ. ಎಳೆ ತುಂಡಾದರೆ ಅಲ್ಲಿಯವರೆಗೆ ನಿದ್ದೆ ಮಾಡುತ್ತಿದ್ದ ಗಡ್ಡೆಯೂ ಮೊಳೆಯುತ್ತದೆ!

ಹಿತ್ತಿಲುಪ್ರೇಮಿ:
ಬೊಡ್ಡೆ ಮಗುಚಿತು! ಎಲ್ಲರಿಗೂ ಮನಸಾರೆ ವಂದನೆ. ತೊಳೆದ ಮೇಲೆ ನೋಡಿದರೆ ಅಷ್ಟು ದಿನ ನಮ್ಮನ್ನು ತಡೆದದ್ದು ಎರಡೇ ಬೇರು, ಒಂದನ್ನೊಂದು ಸುತ್ತಿಕೊಂಡು ಕಲ್ಲೊಂದನ್ನು ನಡುವೆ ಅಪ್ಪಿ ಹಿಡಿದಿದ್ದವು. ಗುದ್ದಲಿ ಟಣ್ ಎನ್ನುತ್ತಿದ್ದದ್ದು ಆ ಕಲ್ಲಿಗೆ. ತಾಯಿಬೇರೂ ಇತ್ತು. ಗರಗಸ ಮುಗಿಯುವ ಮುನ್ನವೇ ಲಟಕ್ಕೆಂದು ಮುರಿಯಿತು, ತಮ್ಮ ಕೇಕೆ ಹಾಕಿದ್ದು ಬೀದಿಗೆಲ್ಲ ಕೇಳಿರಬೇಕು.

ಒಂದು ಬೇರು ಮಾತ್ರ ಪಕ್ಕದ ಮನೆಯವರ ಕಾಂಪೌಂಡ್ ಗೋಡೆಯ ಅಡಿಗೆ ನುಗ್ಗಿದೆ. ಎಳೆದು ತೆಗೆಯಲೇ?

ಹಾರೆ ಗುದ್ದಲಿ:
ಬೇಡ! ಎಳೆದರೆ ತಳಪಾಯದ ಮಣ್ಣು ಸಡಿಲವಾಗುತ್ತದೆ. ಗೋಡೆಯಿಂದ ಒಂದು ಗೇಣು ಈಚೆಗೆ ಕೊಯ್ದು ಬಿಡಿ, ಉಳಿದದ್ದು ಅಲ್ಲೇ ಕೊಳೆಯುತ್ತದೆ. ಚಿಗುರು ಬಂದರೆ ಮೇಲೆ ಹೇಳಿದಂತೆ ಕೀಳಿ, ಆಚೆ ಬದಿಯಲ್ಲೂ ಗಮನಿಸಲು ಪಕ್ಕದವರಿಗೆ ಹೇಳಿಡಿ. ಗುಂಡಿಗೆ ಮಣ್ಣನ್ನು ಪದರ ಪದರವಾಗಿ ತುಳಿದು ತುಂಬಿ, ಮೇಲೆ ಒಂದಿಷ್ಟು ಉಬ್ಬು ಇರಲಿ. ಒಂದು ಮಳೆಗೆ ಅದು ಕುಸಿಯುತ್ತದೆ, ಮಡಿ ಕಟ್ಟುವುದು ಆಮೇಲೆ.