ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಮಂಗಳೂರಲ್ಲಿ ಪಿಯುಸಿ. ಮಗ ಮಾತೇ ಆಡುತ್ತಿಲ್ಲ

ಪೆರ್ಲದವಳು:
ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಡ್ಕಸ್ಥಳ ದಾಟಿದರೆ ಕರ್ನಾಟಕ. ಮಗ ಹತ್ತರವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದ. ಕ್ಲಾಸಿನಲ್ಲಿ ಇದ್ದದ್ದು 18 ಮಕ್ಕಳು. ಎಂಟು ಎ ಪ್ಲಸ್ ಬಂತು ಅಂತ ಮಂಗಳೂರಲ್ಲಿ ಸೈನ್ಸಿಗೆ ಸೇರಿಸಿದೆವು. ಅಲ್ಲಿ ಒಂದೇ ಸೆಕ್ಷನ್ನಿಗೆ 80 ಮಕ್ಕಳು. ಹಾಸ್ಟೆಲಿನಿಂದ ಫೋನ್ ಮಾಡಿದರೆ "ಊಟ ಆಯ್ತು" ಅಷ್ಟೇ. ಮೊನ್ನೆ ಆದಿತ್ಯವಾರ ಬಂದಾಗ ಬಾಯಿಬಿಟ್ಟ. ಸರ್ ಆಕ್ಸಿಲರೇಶನ್ ಅಂದರೇನು ಅಂತ ಕೇಳಿದರಂತೆ. ಅದು ನಮ್ಮ ವೇಗೋತ್ಕರ್ಷ ಅಂತ ಇವನಿಗೆ ಹೊಳೆಯುವಷ್ಟರಲ್ಲಿ ಬೇರೆಯವ ಹೇಳಿಯಾಗಿತ್ತು. ಇವರು ಹೇಳುವುದು, ವಾಪಸ್ ಕರಕೊಂಡು ಬಂದು ಇಲ್ಲೇ ಕೇರಳದ ಹನ್ನೊಂದನೇ ಕ್ಲಾಸು, ಅಂದರೆ ಪ್ಲಸ್ ವನ್‌ಗೆ ಹಾಕುವ ಅಂತ. ಎಂತ ಮಾಡುವುದು?

ಬದಿಯಡ್ಕದವ:
ಅಕ್ಕಾ, 2009ರಲ್ಲಿ ನಾನೂ ಹಾಗೇ ಹೋದವ. ಮೊದಲ ಟೆಸ್ಟಿನಲ್ಲಿ ಕೆಮಿಸ್ಟ್ರಿಗೆ 25ಕ್ಕೆ 6. ಒಂದು ನೂರು ಪೇಜಿನ ಪುಸ್ತಕ ತಗೊಂಡು ನಡುವೆ ಗೆರೆ ಎಳೆದೆ. ಎಡಕ್ಕೆ ಕನ್ನಡದ ಶಬ್ದ, ಬಲಕ್ಕೆ ಇಂಗ್ಲಿಷಿನದು. ದೀಪಾವಳಿ ಹೊತ್ತಿಗೆ ಆ ಪುಸ್ತಕ ತೆರೆಯುವುದೇ ನಿಂತಿತು. ದ್ಯುತಿಸಂಶ್ಲೇಷಣೆ ಅಂತ ಹೇಳಿ ಅಭ್ಯಾಸ ಇರುವ ನಾಲಿಗೆಗೆ ಫೋಟೋಸಿಂಥೆಸಿಸ್ ಎಂತ ಕಷ್ಟ ಮಾರಾಯ್ರೇ! ನನಗೆ ಜಾಸ್ತಿ ಬೇಜಾರಾದದ್ದು ಬೇರೆ. "ಕೇರಳದವನಾಗಿ ಇಷ್ಟು ಚೆನ್ನಾಗಿ ಕನ್ನಡ ಎಲ್ಲಿ ಕಲಿತೆ?" ಅಂತ ರೂಮಿನ ಶಿವಮೊಗ್ಗದ ಹುಡುಗ ಕೇಳಿದ. ಹೊಗಳಿದ್ದೇ ಅವನು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ನಿವೃತ್ತ ಮಾಷ್ಟ್ರು:
ಪ್ಲಸ್ ವನ್ ಸೈನ್ಸಿಗೆ ಇಲ್ಲಿಯೂ ಪುಸ್ತಕ ಇಂಗ್ಲಿಷಿನದ್ದೇ ಅಲ್ವಾ? ಅರ್ಥ ಆಗದಿದ್ದರೆ ಹೆಚ್ಚಿನ ಕಡೆ ಬಿಡಿಸಿ ಹೇಳುವುದು ಮಲಯಾಳದಲ್ಲಿ. ಮಂಗಳೂರಲ್ಲಾದರೆ ಕನ್ನಡದಲ್ಲಿ ಕೇಳಬಹುದು. ಹಾಗಾಗಿ ಕರಕೊಂಡು ಬರಬೇಡಿ. ಇನ್ನೊಂದು ವಿಷಯ. ಇಂಜಿನಿಯರಿಂಗಿನಂಥ ಕೋರ್ಸುಗಳ ಸೀಟಿಗೆ ಬರೆಯುವ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅಂತಲೇ ಒಂದು ಕಲಮು ಉಂಟು, ನಮ್ಮ ಮಂಜೇಶ್ವರ ತಾಲೂಕು ಅದರಲ್ಲಿ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಸರ್ಟಿಫಿಕೇಟನ್ನು ಈಗಲೇ ಶಾಲೆಯಿಂದ ಬರೆಸಿಟ್ಟುಕೊಳ್ಳಿ. ಆಮೇಲೆ ಓಡಾಟ ಬೇಡ.

ಉಪ್ಪಳ ಪೇಟೆ:
ಫೋನಿನಲ್ಲಿ ಮಾರ್ಕು ಕೇಳಬೇಡಿ. ದನ ಕರು ಹಾಕಿತಾ, ಅಡಿಕೆಗೆ ಮದ್ದು ಬಿಟ್ಟಾಯ್ತಾ, ಅದನ್ನೆಲ್ಲ ಹೇಳಿ. ನನ್ನ ಮಗಳು ಮಾತಾಡಲು ಶುರು ಮಾಡಿದ್ದು ಹಾಗೆ.

ಪೆರ್ಲದವಳು:
ಎಲ್ಲರಿಗೂ ಥ್ಯಾಂಕ್ಸ್. ಇವರಿಗೆ ಮಾಷ್ಟ್ರು ಬರೆದದ್ದನ್ನು ಓದಿ ಹೇಳಿದೆ, ಸುಮ್ನೆ ಕೂತರು. ಮಗ ಮನೆಯಲ್ಲಿ ಬಿಟ್ಟುಹೋದ ಫಿಸಿಕ್ಸ್ ನೋಟ್ಸ್ ತೆಗೆದು ನೋಡಿದೆ. ಕೊನೆಯ ಪುಟದಲ್ಲಿ ಗೆರೆ ಎಳೆದು ಅವನೇ ಪಟ್ಟಿ ಶುರು ಮಾಡಿದ್ದಾನೆ! ಜಡತ್ವ ಅಂತ ಬರೆದು ಎದುರು ಖಾಲಿ ಬಿಟ್ಟಿದ್ದಾನೆ. ಬದಿಯಡ್ಕದವರೇ, ಅದಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳುವುದು? ಇವತ್ತು ರಾತ್ರಿ ಫೋನಿನಲ್ಲಿ ಹೇಳಬೇಕು.